ಹಳೇ ಕಾರು ಹೀಟ್ ಆದರೆ ಮೊದಲು ನೋಡಬೇಕಾದ್ದು: ಎಲ್ಲಿ, ಯಾವಾಗ?

ಗ್ಯಾರೇಜಿನಲ್ಲಿ ‘ಗಾಡಿ ಹೀಟ್ ಆಗ್ತಿದೆ’ ಅಂದರೆ ಸಾಮಾನ್ಯವಾಗಿ ಎರಡೇ ಉತ್ತರ. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ, ಇಲ್ಲವೇ ರೇಡಿಯೇಟರ್ ಬದಲಾಯಿಸಬೇಕು. ಎರಡೂ ದುಬಾರಿ. ಕಾರ್ಬ್ಯುರೇಟರ್ ಕಾಲದ ನನ್ನ ಸಣ್ಣ ಪೆಟ್ರೋಲ್ ಕಾರಿಗೂ ಗ್ಯಾಸ್ಕೆಟ್ ತೀರ್ಪೇ ಸಿಕ್ಕಿತ್ತು. ಏನನ್ನೂ ಬಿಚ್ಚಿಸದೆ ಕೆಲವು ದಿನ ಟೆಂಪರೇಚರ್ ಮುಳ್ಳನ್ನೇ ಗಮನಿಸಿದೆ.

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತರೆ ಮುಳ್ಳು ಏರುತ್ತಿತ್ತು. ಮುಂದೆ ಹೊಸೂರು ರಸ್ತೆಯಲ್ಲಿ ಓಡಿದರೆ ಇಳಿಯುತ್ತಿತ್ತು. ಓಡುವಾಗ ಗಾಳಿ ತಾನಾಗೇ ರೇಡಿಯೇಟರಿಗೆ ಬಡಿಯುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಹಾಗಾಗಿ ಅನುಮಾನ ಫ್ಯಾನಿನ ಮೇಲೆ ಬಂತು. ಮನೆ ಮುಂದೆ ಎಂಜಿನ್ ಓಡಲು ಬಿಟ್ಟು ಕಾದೆ. ಮುಳ್ಳು ಮುಕ್ಕಾಲು ದಾಟಿದರೂ ಫ್ಯಾನ್ ತಿರುಗಲಿಲ್ಲ. ಫ್ಯೂಸ್ ಸರಿಯಿತ್ತು. ನೀರು ಕಾದಾಗ ಫ್ಯಾನ್ ಹಚ್ಚುವ ಥರ್ಮೋ ಸ್ವಿಚ್ಚಿನ ಕನೆಕ್ಟರ್ ಕಳಚಿ ಎರಡು ವೈರುಗಳನ್ನು ತಂತಿಯಿಂದ ಸೇರಿಸಿದ ತಕ್ಷಣ ಫ್ಯಾನ್ ಗುರ್ ಅಂದಿತು. ಅಂದರೆ ಮೋಟಾರ್ ಚೆನ್ನಾಗಿದೆ, ಸ್ವಿಚ್ ಸತ್ತಿದೆ. (ಇದು ಹಳೇ ವೈರಿಂಗಿಗೆ ಮಾತ್ರ. ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಇರುವ ಗಾಡಿಯಲ್ಲಿ ಸುಮ್ನೆ ವೈರ್ ಸೇರಿಸಲು ಹೋಗಬೇಡಿ.)

ಹೊಸ ಸ್ವಿಚ್ ಬಂದ ಮೇಲೆ ಸಿಗ್ನಲ್ ಕಾಟ ತಪ್ಪಿತು. ಆದರೆ ಮಂಗಳೂರಿನಿಂದ ವಾಪಸ್ ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಮುಳ್ಳು ಮತ್ತೆ ಕೆಂಪಿನ ಕಡೆ ಹೊರಟಿತು. ಮುಂದೆ ಲಾರಿ, ನಿಲ್ಲಿಸಲು ಜಾಗ ಇಲ್ಲ. ಎಸಿ ಆರಿಸಿ ಹೀಟರನ್ನು ಪೂರ್ತಿ ತಿರುಗಿಸಿದೆ. ಹೀಟರ್ ಕೂಡ ಪುಟ್ಟ ರೇಡಿಯೇಟರೇ ಅಲ್ವಾ, ಎಂಜಿನ್ನಿನ ಬಿಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ನಮಗೆ ಬೆವರಿಳಿದರೂ ಜಾಗ ಸಿಗುವವರೆಗೆ ಎಂಜಿನ್ ತಡೆಯಿತು.

ಏರಿನಲ್ಲಿ ಬಿಸಿಯಾಗುವುದು ಬೇರೆ ಕಥೆ. ಎಂಜಿನ್ ಜಾಸ್ತಿ ದುಡಿಯುತ್ತದೆ, ಆ ಬಿಸಿಯನ್ನು ಹೊರಹಾಕುವಷ್ಟು ನೀರು ರೇಡಿಯೇಟರಿನಲ್ಲಿ ಹರಿಯುತ್ತಿಲ್ಲ. ನೀರು ತಳ್ಳುವ ಪಂಪನ್ನು ತಿರುಗಿಸುವ ಬೆಲ್ಟ್ ಬಿಗಿಯಾಗಿತ್ತು. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಲ್ಲಿ ಸೋರಿಕೆ ಇರಲಿಲ್ಲ. ರೇಸ್ ಮಾಡಿದಾಗ ಕೆಳಗಿನ ಹೋಸ್ ಚಪ್ಪಟೆಯಾಗಲಿಲ್ಲ. ಉಳಿದದ್ದು ರೇಡಿಯೇಟರ್. ಎಂಜಿನ್ ಚೆನ್ನಾಗಿ ಕಾದ ಮೇಲೆ ಆರಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಅದರ ಮೈಯುದ್ದಕ್ಕೂ ನೋಡಿದೆ. ಮೇಲೆ ಸುಡುತ್ತಿದೆ, ಕೆಳಗೆ ಒಂದು ಮೂಲೆ ಪೂರ್ತಿ ತಣ್ಣಗಿದೆ! ಆ ಕೊಳವೆಗಳಲ್ಲಿ ನೀರು ಹೋಗುತ್ತಲೇ ಇರಲಿಲ್ಲ. ಹಿಂದಿನ ಮಾಲೀಕರು ವರ್ಷಗಟ್ಟಲೆ ಬೋರ್‌ವೆಲ್ ನೀರು ತುಂಬಿಸಿದ್ದರಂತೆ. ಬಚ್ಚಲ ಹಂಡೆಯೊಳಗೆ ಕಟ್ಟುತ್ತದಲ್ಲ, ಅದೇ ಬಿಳಿ ಪದರ ಒಳಗೆ ಕೂತಿತ್ತು. ತಾಮ್ರದ ರೇಡಿಯೇಟರ್ ಆದ್ದರಿಂದ ಟ್ಯಾಂಕಿನ ಬೆಸುಗೆ ಬಿಡಿಸಿ, ಕೊಳವೆಗಳಲ್ಲಿ ಕಡ್ಡಿ ಆಡಿಸಿ ತೆರವು ಮಾಡಲು ಆಯಿತು. ಈಗ ಅದರಲ್ಲಿ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ.

ಇದೇ ಹೊತ್ತಿಗೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಕಾಯುವವರೆಗೆ ರೇಡಿಯೇಟರಿಗೆ ನೀರು ಬಿಡದ ಕವಾಟ, ಇಲ್ಲದ್ದೂ ಗೊತ್ತಾಯಿತು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಮುಟ್ಟಿನೋಡಿ. ಥರ್ಮೋಸ್ಟಾಟ್ ಇದ್ದರೆ ಕೆಲವು ನಿಮಿಷ ತಣ್ಣಗೇ ಇದ್ದು ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ನನ್ನದು ಮೊದಲಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಿತ್ತು. ‘ನಮ್ಮ ಬಿಸಿಲಿಗೆ ಅದು ಬೇಡ ಸಾರ್’ ಅಂತ ಕಿತ್ತೆಸೆಯುವ ಅಭ್ಯಾಸ ನಮ್ಮಲ್ಲಿದೆ. ನನಗದು ಒಪ್ಪಿಗೆಯಿಲ್ಲ. ಎಂಜಿನ್ ಕಾಯಲು ತಡವಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಕಟ್ಟಿದ ರೇಡಿಯೇಟರ್ ಕಟ್ಟಿಕೊಂಡೇ ಇರುತ್ತದೆ. ಹೊಸದನ್ನು ಹಾಕುವ ಮುಂಚೆ ಪಾತ್ರೆಯ ನೀರಿನಲ್ಲಿ ಕಾಯಿಸಿದೆ. 82 ಡಿಗ್ರಿಯ ಆಸುಪಾಸು ಬಾಯಿ ಬಿಟ್ಟಿತು.

ರೇಡಿಯೇಟರ್ ಕ್ಯಾಪನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಕ್ಯಾಪ್ ಒತ್ತಡ ಹಿಡಿದಿಟ್ಟರೆ ಕುದಿಯುವುದು 115 ಡಿಗ್ರಿ ದಾಟಿದ ಮೇಲೆ. ನನ್ನ ಕ್ಯಾಪಿನ ರಬ್ಬರ್ ಬಿರುಕು ಬಿಟ್ಟಿತ್ತು, ಬದಲಾಯಿಸಿದೆ. ಎಂಜಿನ್ ಬಿಸಿಯಿದ್ದಾಗ ಮಾತ್ರ ಕ್ಯಾಪ್ ಮುಟ್ಟಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಗ್ಯಾಸ್ಕೆಟ್ ಹೋದರೆ ಅದರ ಗುರುತುಗಳೇ ಬೇರೆ. ಹೊರಗೆಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತದೆ. ಎಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲುವುದಿಲ್ಲ. ಆಯಿಲ್ ಹಾಲು ಬೆರೆಸಿದ ಹಾಗೆ ಬಿಳಿಚುತ್ತದೆ. ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಏಳುತ್ತಲೇ ಇರುತ್ತವೆ. ನನ್ನ ಗಾಡಿಯಲ್ಲಿ ಇವು ಯಾವುವೂ ಇರಲಿಲ್ಲ, ಹಾಗಾಗಿ ಹೆಡ್ ಬಿಚ್ಚಿಸಲಿಲ್ಲ.