ಇಂಡಿಯಾನಾ ಫೀವರ್ ತಂಡದ ಲೆಕ್ಕ ಇಡುವುದು ಹೀಗೆ

ನಮ್ಮ ಕೊಡಗಿನ ಕೌಟುಂಬಿಕ ಹಾಕಿಯಲ್ಲಿ ತಂಡವೆಂದರೆ ಒಕ್ಕ, ಅಂದರೆ ಒಂದು ಮನೆತನ. ಯಾರು ಯಾವ ಕಡೆ ಎಂದು ಮನೆಹೆಸರೇ ಹೇಳುತ್ತದೆ. ಇಂಡಿಯಾನಾ ಫೀವರ್ ಆಡುವ ಡಬ್ಲ್ಯುಎನ್‌ಬಿಎಯಲ್ಲಿ, ಅಂದರೆ ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ, ಅದನ್ನು ಹೇಳುವುದು ಕರಾರು. ಅದರ ಆಟ ಮೇ ತಿಂಗಳಲ್ಲಿ ಶುರು, ಹಿಂದೆಯೇ ಕೊಡಗಿನ ಮಳೆ. ಕರೆಂಟು, ನೆಟ್‌ವರ್ಕ್ ಎರಡೂ ನಾಲ್ಕು ದಿನ ಹೋಗಿ ಬರುವಷ್ಟರಲ್ಲಿ ತಂಡದ ಪಟ್ಟಿ ಬದಲಾಗಿರುತ್ತದೆ. ಬ್ಯಾಸ್ಕೆಟ್‌ಬಾಲ್ ಕಲಿಯುವ ಹುಡುಗಿಯರು ಒಂದು ನೋಟ್‌ಬುಕ್ ಇಟ್ಟುಕೊಂಡರೆ ಎಳೆ ತಪ್ಪುವುದಿಲ್ಲ. ತೇವದ ಹಾಳೆಯಲ್ಲಿ ಶಾಯಿ ಹರಡುತ್ತದೆ, ಪೆನ್ಸಿಲ್‌ನಲ್ಲೇ ಬರೆಯಿರಿ.

ದಿನಾಂಕ ಅಮೆರಿಕದ್ದೇ ಇರಲಿ. ಫೀವರ್‌ನ ತವರು ಇಂಡಿಯಾನಾಪೊಲಿಸ್‌ನ ಸಂಜೆ 7 ಗಂಟೆಯ ಪಂದ್ಯ ನಮಗೆ ಮರುದಿನ ಬೆಳಗಿನ ಜಾವ 4.30ಕ್ಕೆ, ಲಾಸ್ ವೇಗಸ್‌ನಲ್ಲಾದರೆ ಬೆಳಿಗ್ಗೆ 7.30ಕ್ಕೆ. ಒಮ್ಮೆ ಅಲ್ಲಿಯ ತಾರೀಖು, ಒಮ್ಮೆ ನಮ್ಮದು ಹಾಕಿದರೆ ಒಂದೇ ಪಂದ್ಯ ಎರಡು ಸಲ ಸೇರಿಬಿಡುತ್ತದೆ.

ಮೊದಲ ಪುಟದಲ್ಲಿ ಗೆಲುವು, ಸೋಲು: 2022ರಲ್ಲಿ 5–31, 2023ರಲ್ಲಿ 13–27, 2024ರಲ್ಲಿ 20–20, 2025ರಲ್ಲಿ 24–20. ಪಕ್ಕದಲ್ಲಿ ಶೇಕಡಾವಾರು ಬರೆಯದಿದ್ದರೆ ಮೋಸಹೋಗುತ್ತೀರಿ. 2024ರಲ್ಲಿ 40 ಪಂದ್ಯಗಳಿದ್ದವು, 2025ರಲ್ಲಿ 44. ಗೆಲುವು ನಾಲ್ಕು ಹೆಚ್ಚಿದರೂ ಏರಿಕೆ ಶೇ. 50ರಿಂದ ಶೇ. 54.5ಕ್ಕೆ ಮಾತ್ರ. ದೊಡ್ಡ ಜಿಗಿತ ಅದಕ್ಕೂ ಮೊದಲೇ ಆಗಿತ್ತು. 2025ರ ಜುಲೈ 1ರಂದು ಮಿನ್ನೆಸೋಟ ಲಿಂಕ್ಸ್ ವಿರುದ್ಧ 74–59ರಿಂದ ಗೆದ್ದ ಕಮಿಷನರ್ಸ್ ಕಪ್ (ಲೀಗ್‌ನೊಳಗಿನ ಪ್ರತ್ಯೇಕ ಟೂರ್ನಿ) ಫೈನಲ್ ಈ ಲೆಕ್ಕಕ್ಕೆ ಸೇರದು. ಅದಕ್ಕೆ ಬೇರೆ ಸಾಲು.

ಎರಡನೇ ಪುಟಕ್ಕೆ 12 ಗೆರೆ ಎಳೆಯಿರಿ. 2025ರ ನಿಯಮದಂತೆ ಪಟ್ಟಿಯಲ್ಲಿ ಒಮ್ಮೆಗೆ ಇರಬಹುದಾದದ್ದು ಅಷ್ಟೇ ಜನ. ಹೆಸರಿನ ಮುಂದೆ ಬಂದ ದಾರಿ ಬರೆಯಿರಿ. ಅಲಿಯಾ ಬೋಸ್ಟನ್ 2023ರ, ಕೈಟ್ಲಿನ್ ಕ್ಲಾರ್ಕ್ 2024ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರ್ತಿಯರನ್ನು ಆರಿಸಿಕೊಳ್ಳುವ ಪದ್ಧತಿ) ಮೊದಲ ಆಯ್ಕೆ. ನಟಾಶಾ ಹೊವಾರ್ಡ್ ಮತ್ತು ಡಿವಾನಾ ಬಾನರ್ 2025ರಲ್ಲಿ ಫ್ರೀ ಏಜೆಂಟ್ ಆಗಿ, ಅಂದರೆ ಹಳೆಯ ಕರಾರು ಮುಗಿದ ಮೇಲೆ ಬಂದವರು, ಸೋಫಿ ಕನ್ನಿಂಗ್‌ಹ್ಯಾಮ್ ಟ್ರೇಡ್‌ನಲ್ಲಿ, ಅಂದರೆ ತಂಡಗಳ ನಡುವಿನ ವಿನಿಮಯದಲ್ಲಿ. ಕೋಚ್ ಬದಲಾವಣೆಯನ್ನು ಅಂಚಿನಲ್ಲಿ ಗುರುತಿಸಿ: 2024ರ ಆಟ ಮುಗಿದ ಮೇಲೆ ಕ್ರಿಸ್ಟಿ ಸೈಡ್ಸ್ ಹೋಗಿ ಸ್ಟೆಫನಿ ವೈಟ್ ಬಂದರು.

ಹೆಚ್ಚು ಎಡವುವುದು ಹಾರ್ಡ್‌ಶಿಪ್ ಕರಾರಿನಲ್ಲಿ. 2025ರ ನಿಯಮದಂತೆ ಆಡಬಲ್ಲವರು 10ಕ್ಕಿಂತ ಕಡಿಮೆಯಾದಾಗ ಹೊರಗಿನಿಂದ ತಾತ್ಕಾಲಿಕವಾಗಿ ಒಬ್ಬರನ್ನು ಕರೆಸಬಹುದಿತ್ತು. ಗಾಯಾಳು ವಾಪಸಾದರೆ ಹಾಗೆ ಕರೆಸಿದವರನ್ನು ಬಿಡಬೇಕಿತ್ತು. ಆರಿ ಮೆಕ್‌ಡೊನಾಲ್ಡ್ 2025ರ ಜೂನ್‌ನಲ್ಲಿ ಹೀಗೆ ಬಂದರು, ಬಿಡುಗಡೆಯಾದರು. ಅದೇ ತಿಂಗಳು ಬಾನರ್ ಅವರನ್ನು ತಂಡ ಕೈಬಿಟ್ಟಾಗ ಖಾಲಿಯಾದ ಜಾಗಕ್ಕೆ ಮತ್ತೆ ಬಂದರು. ಆದ್ದರಿಂದ ಒಂದೇ ಹೆಸರಿಗೆ ಎರಡು ಸಾಲು ಬೇಕು, ಪ್ರತಿ ಸಾಲಿಗೂ ಬಂದ ದಿನ, ಹೋದ ದಿನ. ಹಳೆಯ ಸಾಲು ಅಳಿಸಬೇಡಿ. ಅದು ಹೋದರೆ ಯಾವ ಪಂದ್ಯದಲ್ಲಿ ಯಾರಿದ್ದರೆಂದು ಹೇಳಲಾಗದು.

ಗಾಯವಾಯಿತೆಂದು ಹೆಸರನ್ನೂ ಹೊಡೆದುಹಾಕಬೇಡಿ. ಕ್ಲಾರ್ಕ್ ಆ ವರ್ಷ 44ರಲ್ಲಿ 13 ಪಂದ್ಯ ಮಾತ್ರ ಆಡಿದರು, ಆದರೂ ಪಟ್ಟಿಯಲ್ಲೇ ಇದ್ದರು. ಹೆಸರಿನ ಮುಂದೆ ‘ಆಡಿದ್ದು’ ಎಂಬ ಕಾಲಂ ಇರಲಿ. ಕೆಲ್ಸಿ ಮಿಚೆಲ್ ಸಾಲಿನಲ್ಲಿ 44 ಎಂದು ಬೀಳುತ್ತದೆ. ಇಷ್ಟು ಗಾಯಗಳ ನಡುವೆಯೂ ಈ ತಂಡ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಅಟ್ಲಾಂಟಾವನ್ನು 2–1ರಿಂದ ಮಣಿಸಿ, ಸೆಮಿಫೈನಲ್‌ನಲ್ಲಿ ಲಾಸ್ ವೇಗಸ್ ಏಸಸ್ ಎದುರು ಐದನೇ ಪಂದ್ಯದ ಓವರ್‌ಟೈಮ್‌ವರೆಗೂ ಹೋರಾಡಿದ್ದು ಎಷ್ಟು ದೊಡ್ಡ ಮಾತು ಎಂಬುದು ಆ ಕಾಲಂ ನೋಡಿದಾಗಲೇ ತಿಳಿಯುವುದು.