ಎಂಟು ಗಣಕ್ಕೆ ಒಂದೇ ಸಾಲು

ಛಂದಸ್ಸಿನ 8 ಅಕ್ಷರಗಣಗಳನ್ನು (ಮೂರು ಮೂರು ಅಕ್ಷರದ ಗುಂಪುಗಳನ್ನು) ಉರು ಹೊಡೆದು ಮಕ್ಕಳು ಸುಸ್ತಾಗುತ್ತಾರೆ, ಅಲ್ವಾ? ಅವರಿಗೆ ‘ಯಮಾತಾರಾಜಭಾನಸಲಗಂ’ ಹೇಳಿಕೊಡಿ. ಯಾವ ಗಣ ಬೇಕೋ ಆ ಅಕ್ಷರದಿಂದ ಮೂರಕ್ಷರ ತೆಗೆದುಕೊಂಡರೆ ಸಾಕು. ಯಗಣಕ್ಕೆ ‘ಯಮಾತಾ’: ಲಘು (ಚಿಕ್ಕದಾಗಿ ಹೇಳುವ ಅಕ್ಷರ), ಗುರು (ಅದರ ಎರಡರಷ್ಟು ಹೊತ್ತು ಹಿಡಿಯುವುದು), ಗುರು. ಭಗಣಕ್ಕೆ ‘ಭಾನಸ’: ಗುರು, ಲಘು, ಲಘು. ನಗಣಕ್ಕೆ ‘ನಸಲ’, ಮೂರೂ ಲಘು.

ಸುಮ್ನೆ ಓದಿಸಬೇಡಿ. ದೀರ್ಘವನ್ನು ಎಳೆದು ಜೋರಾಗಿ ಹೇಳಿಸಿ, ನಾಲಿಗೆಗೆ ಹತ್ತಿಬಿಡುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ನಾನು ಕೊನೇ ಪುಟದಲ್ಲಿ ಪೆನ್ಸಿಲ್‌ನಿಂದ ಈ ಸಾಲು ಬರೆದು, ಅಕ್ಷರಗಳ ತಲೆ ಮೇಲೆ ಗುರು ಲಘು ಗುರುತು ಹಾಕಿಟ್ಟುಕೊಳ್ಳುತ್ತಿದ್ದೆ. ಆಮೇಲೆ ಪದ್ಯಕ್ಕೆ ಪ್ರಸ್ತಾರ ಹಾಕುವುದು (ಗುರು ಲಘು ಗುರುತಿಸಿ ಗಣ ವಿಂಗಡಿಸುವುದು) ಸಲೀಸು.

ಆದರೆ ಇದು ಉತ್ಪಲಮಾಲೆ, ಚಂಪಕಮಾಲೆಯಂಥ ವೃತ್ತಗಳಿಗೆ (ಅಕ್ಷರಗಣದ ಪದ್ಯಗಳಿಗೆ) ಮಾತ್ರ. ಕಂದ, ಷಟ್ಪದಿ ಬಂದರೆ ಮಾತ್ರೆ (ಲಘುವಿಗೆ ಒಂದು, ಗುರುವಿಗೆ ಎರಡು) ಎಣಿಸಿಯೇ ಗಣ ಮಾಡಬೇಕು. ಮಕ್ಕಳು ಜಾಸ್ತಿ ಎಡವುವುದು ಅಲ್ಲೇ.