ಮನೆಯಲ್ಲೇ ಸಬೀಖ್: ಕರಿದ ಬದನೆ, ಕಂದು ಮೊಟ್ಟೆ, ಮಾವಿನಕಾಯಿ ಅಂಬಾ

ಸಬೀಖ್ ಇರಾಕಿ ಯಹೂದಿಗಳ ಶನಿವಾರದ ಬೆಳಗಿನ ತಿಂಡಿ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಕತ್ತಲಾಗುವವರೆಗೆ ಅವರಲ್ಲಿ ಒಲೆ ಹಚ್ಚುವಂತಿಲ್ಲ. ಹಾಗಾಗಿ ಬದನೆ ಕರಿಯುವ ಕೆಲಸ ಹಿಂದಿನ ದಿನವೇ ಮುಗಿಯುತ್ತಿತ್ತು, ಮೊಟ್ಟೆ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯುತ್ತಿತ್ತು. 1950–51ರಲ್ಲಿ ಲಕ್ಷಕ್ಕೂ ಹೆಚ್ಚು ಇರಾಕಿ ಯಹೂದಿಗಳು ಇಸ್ರೇಲಿಗೆ ವಲಸೆ ಹೋದರು. ಮುಂದೆ ರಮತ್ ಗನ್ ಊರಿನಲ್ಲಿ ಈ ತಿಂಡಿ ಪೀಟಾ ಎಂಬ ಪೊಳ್ಳು ರೊಟ್ಟಿಯ ಒಳಗೆ ಸೇರಿ ಬೀದಿಗೆ ಬಂತು. ನಾಲ್ವರಿಗೆ ಅಳತೆ ಹೀಗಿದೆ.

ಅಂಬಾವನ್ನು, ಅಂದರೆ ಮಾವಿನಕಾಯಿಯ ಹುಳಿ ಗೊಜ್ಜನ್ನು, ನಾಲ್ಕು ದಿನ ಮೊದಲೇ ಶುರು ಮಾಡಿ. ಬೇಸಿಗೆಯಲ್ಲಿ ಬೆಂಗಳೂರಿನ ಗಾಡಿಗಳಲ್ಲಿ ಸಿಗುವ ತೋತಾಪುರಿ ಕಾಯಿ ಸಾಕು. ಸಿಪ್ಪೆ ತೆಗೆದ ಅರ್ಧ ಕೆಜಿ ಹೋಳಿಗೆ 2 ದೊಡ್ಡ ಚಮಚ ಉಪ್ಪು ಬೆರೆಸಿ, ಗಾಜಿನ ಜಾಡಿಯಲ್ಲಿ ಬಿಸಿಲಿಗಿಡಿ. ನಂತರ ಅರ್ಧ ಕಪ್ ನೀರು, ತಲಾ 1 ಟೀ ಚಮಚ ಅರಿಶಿನ ಮತ್ತು ಹುರಿದ ಮೆಂತ್ಯದ ಪುಡಿ, ಅರ್ಧ ಚಮಚ ಖಾರದ ಪುಡಿ, 2 ಚಮಚ ವಿನಿಗರ್ ಹಾಕಿ ಮೆತ್ತಗಾಗುವವರೆಗೆ ಬೇಯಿಸಿ. ಮೆಂತ್ಯ ಸೀದರೆ ಇಡೀ ಜಾಡಿ ಕಹಿ. ಒಗ್ಗರಣೆ, ಇಂಗು ಬೇಡ. ಹಾಕಿದರೆ ಅದು ನಮ್ಮ ಉಪ್ಪಿನಕಾಯಿಯೇ ಆಯಿತು.

ಮೊಟ್ಟೆ 4. ತಣ್ಣೀರಿನಲ್ಲೇ ಕುಕ್ಕರಿಗೆ ಇಳಿಸಿ, ಎರಡು ಹಿಡಿ ಈರುಳ್ಳಿ ಸಿಪ್ಪೆ, ಒಂದು ಚಮಚ ಟೀ ಪುಡಿ ಹಾಕಿ, ಒಂದು ಸೀಟಿಯ ಬಳಿಕ ಸಣ್ಣ ಉರಿಯಲ್ಲಿ 1 ಗಂಟೆ ಬಿಡಿ. ನೀರು ಕಡಿಮೆ ಇರಬಾರದು. ಕುದಿಯುವ ನೀರಿಗೆ ಹಾಕಿದರೆ ಚಿಪ್ಪು ಬಿರಿಯುತ್ತದೆ.

ಕೆಡುವುದು ಹೆಚ್ಚಾಗಿ ಬದನೆಯಲ್ಲೇ. ಭರ್ತಾಗೆ ಬಳಸುವ ದಪ್ಪ ನೇರಳೆ ಬದನೆ, ಸುಮಾರು 500 ಗ್ರಾಂ, 1 ಸೆಂ.ಮೀ. ದಪ್ಪದ ಬಿಲ್ಲೆಗಳು. ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ಒತ್ತಿ ಒರೆಸಿ. ಒಂದು ಚೂರು ಹಾಕಿದಾಗ ತಕ್ಷಣ ನೊರೆಯೆದ್ದು ಮೇಲೆ ಬರುವಷ್ಟು ಎಣ್ಣೆ ಕಾದಿರಲಿ; ಇಲ್ಲದಿದ್ದರೆ ಬದನೆ ಸ್ಪಂಜಿನಂತೆ ಎಣ್ಣೆ ಕುಡಿಯುತ್ತದೆ. ಬಾಣಲೆಯಲ್ಲಿ ಒತ್ತೊತ್ತಾಗಿ ತುಂಬಿದರೂ ಅದೇ ಗತಿ. ಗಾಢ ಕಂದು ಬಂದ ಮೇಲೆಯೇ ತೆಗೆಯಿರಿ, ಹಳದಿಯಲ್ಲಿ ನಿಲ್ಲಿಸಿದರೆ ಒಳಗೆ ರಬ್ಬರು.

ತಹೀನಿಗೆ 1 ಕಪ್ ಬಿಳಿ ಎಳ್ಳನ್ನು ಬಣ್ಣ ತಿರುಗದಂತೆ ಬೆಚ್ಚಗೆ ಹುರಿದು, 3 ಚಮಚ ಎಣ್ಣೆಯೊಂದಿಗೆ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಹಾಕಿದೊಡನೆ ಗಟ್ಟಿಯಾಗುತ್ತದೆ, ಹೆದರಬೇಡಿ. ತಣ್ಣೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಕಲಸುತ್ತಾ ಹೋದರೆ ಬಿಳಿಯಾಗಿ ಸಡಿಲವಾಗುತ್ತದೆ.

ಸೌತೆ, ಟೊಮೇಟೊ, ಈರುಳ್ಳಿ ಸಣ್ಣಗೆ ಹೆಚ್ಚಿ, ಉಪ್ಪು ನಿಂಬೆ ಬಡಿಸುವಾಗಲಷ್ಟೇ. ಬೆಚ್ಚಗಿನ ಪೀಟಾದೊಳಗೆ ಮೊದಲು ತಹೀನಿ ಸವರಿ, ಆಮೇಲೆ ಬದನೆ, ಹೋಳು ಮಾಡಿದ ಮೊಟ್ಟೆ, ಸಲಾಡ್. ಅಂಬಾ ಕೊನೆಗೆ, ಒಂದೇ ಚಮಚ. ಪೀಟಾ ಸಿಗದಿದ್ದರೆ ದಪ್ಪ ಚಪಾತಿಯಲ್ಲಿ ಸುತ್ತಬಹುದು, ಆಗ ಸಲಾಡಿನ ನೀರು ಬಸಿದಿರಲಿ.